ಮುಚ್ಚಳಿಕೆ ಎಂದರೆ ತಪ್ಪೊಪ್ಪಿಗೆಯಲ್ಲ

‘ಠಾಣೆಯಲ್ಲಿ ತಪ್ಪೊಪ್ಪಿಕೊಂಡು ಮುಚ್ಚಳಿಕೆ ಬರೆದುಕೊಟ್ಟ’ ಎಂಬ ಸಾಲು ಈ ವಾರ ಸುದ್ದಿಯೊಂದರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಕ್ಷಮಾಪಣೆ ಪತ್ರಕ್ಕೇ ಮುಚ್ಚಳಿಕೆ ಎನ್ನುವುದು ರೂಢಿಯಾಗಿಬಿಟ್ಟಿದೆ. ಮುಚ್ಚಳಿಕೆಯಲ್ಲಿರುವುದು ಮುಂದಿನ ಮಾತು: ಇಂಥದ್ದು ಮಾಡುತ್ತೇನೆ, ಇಂಥದ್ದು ಮಾಡುವುದಿಲ್ಲ, ತಪ್ಪಿದರೆ ಇಷ್ಟು ಹಣ ಕಟ್ಟುತ್ತೇನೆ. ಹಿಂದೆ ತಪ್ಪು ಮಾಡಿದ್ದೆ ಎಂಬ ಒಪ್ಪಿಗೆ ಅದರಲ್ಲಿ ಇರಬೇಕಾಗಿಯೇ ಇಲ್ಲ.

ಗೊಂದಲಕ್ಕೆ ಪದದ ರೂಪವೂ ಕಾರಣ. ಮುಚ್ಚು, ಮುಚ್ಚಳ, ಮುಚ್ಚಳಿಕೆ ಮೂರನ್ನೂ ಸಾಲಾಗಿ ನಿಲ್ಲಿಸಿದರೆ ಒಂದೇ ಮನೆಯವರಂತೆ ಕಾಣುತ್ತವೆ. ‘ಜಗಳ ಅಲ್ಲಿಗೇ ಮುಚ್ಚಿಹಾಕುವ ಪತ್ರ, ಅದಕ್ಕೇ ಮುಚ್ಚಳಿಕೆ’ ಎಂದು ವಿವರಿಸಿದವರನ್ನೂ ಕೇಳಿದ್ದೇನೆ. ಮುಚ್ಚುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ತುರ್ಕಿ ಮೂಲದ ‘ಮುಚಲ್ಕಾ’, ಅಂದರೆ ಬರೆದುಕೊಟ್ಟ ಕರಾರು. ಪರ್ಷಿಯನ್ ಭಾಷೆಯ ದಫ್ತರಗಳ ದಾರಿಯಲ್ಲಿ ಈ ಕಡೆ ಬಂದದ್ದು. ಹಿಂದಿಯಲ್ಲಿ ಇಂದಿಗೂ ಮುಚಲ್ಕಾ ಎಂದೇ ಇದೆ. ಅಲ್ಲಿಯ ಪತ್ರಿಕೆಗಳು ‘ನಿಜೀ ಮುಚಲ್ಕಾ’ ಎಂದು ಬರೆಯುವುದು ಜಾಮೀನಿನ ಸುದ್ದಿಯ ಸ್ವಂತ ಬಾಂಡಿಗೆ. ಕನ್ನಡದ ಬಾಯಿಗೆ ಬಿದ್ದಾಗ ‘ಚ’ ಒತ್ತಕ್ಷರವಾಯಿತು, ‘ಲ’ ಹೋಗಿ ‘ಳ’ ಬಂತು, ಕೊನೆಗೆ ನಡವಳಿಕೆ, ತಿಳಿವಳಿಕೆಗಳ ಅಚ್ಚಿನಲ್ಲೇ ಕೂತಿತು. ಎರವಲೆಂದು ಗುರುತೇ ಸಿಗದಷ್ಟು ಚೆನ್ನಾಗಿ ಕೂತಿತು.

ಹಳೆಯ ಬಳಕೆ ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಜಮೀನ್ದಾರ ರೈತನಿಗೆ ಪಟ್ಟಾ ಕೊಡುತ್ತಿದ್ದ, ಪ್ರತಿಯಾಗಿ ರೈತ ಮುಚ್ಚಳಿಕೆ ಬರೆದುಕೊಡುತ್ತಿದ್ದ. 1865ರ ಗೇಣಿ ವಸೂಲಿ ಕಾಯಿದೆಯಲ್ಲಿ ಎರಡೂ ಜೋಡಿಯಾಗಿಯೇ ಬರುತ್ತವೆ. ಗೇಣಿ ಕಟ್ಟುತ್ತೇನೆಂದು ಬರೆದುಕೊಟ್ಟ ಆ ರೈತ ಯಾವ ತಪ್ಪು ಒಪ್ಪಿಕೊಂಡಂತಾಯಿತು?

ಈಗಿನ ಬಳಕೆಯಲ್ಲೂ ಅಷ್ಟೇ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮಿನಿಂದಾಗಿ ಜನರ ಬಾಯಲ್ಲಿ ಇನ್ನೂ ‘107 ಕೇಸು’ ಆಗಿರುವುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮು. ಶಾಂತಿ ಕದಡಬಹುದೆಂಬ ಮಾಹಿತಿ ಬಂದರೆ, ಏಕೆ ಬರೆದುಕೊಡಬಾರದೆಂದು ಕಾರಣ ಕೇಳಿ, ವಿಚಾರಣೆ ಮಾಡಿ, ಹೆಚ್ಚೆಂದರೆ ಒಂದು ವರ್ಷದ ಮಟ್ಟಿಗೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ಅವರು ತಹಶೀಲ್ದಾರರೇ. ಇದು ಶಿಕ್ಷೆಯಲ್ಲ, ಅಪರಾಧ ರುಜುವಾತಾದಂತೆಯೂ ಅಲ್ಲ. ಇನ್ನು ಠಾಣೆಯಲ್ಲಿ ಪೊಲೀಸರ ಮುಂದೆ ನಿಜವಾಗಿಯೇ ತಪ್ಪೊಪ್ಪಿಗೆ ಬರೆದುಕೊಟ್ಟರೂ, ಬರೆದವನ ವಿರುದ್ಧ ಅದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಲು ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ನ್ಯಾಯಾಲಯವೇ ಹಚ್ಚದ ಕಳಂಕವನ್ನು ವರದಿಯ ಒಂದು ತಪ್ಪು ಪದ ಹಚ್ಚುತ್ತದೆ; ಸಹಿ ಹಾಕಿದವನನ್ನು ಮರುದಿನ ಊರೆಲ್ಲ ‘ತಪ್ಪೊಪ್ಪಿಕೊಂಡವನು’ ಎಂದೇ ಓದುತ್ತದೆ.