ಉಪ್ಪು ಮರೆತರೂ ದೋಸೆ ಮರೆಯದ ಕೈ

ನಮ್ಮ ದೊಡ್ಡಪ್ಪ ಉಡುಪಿ ರಥಬೀದಿ ಹತ್ತಿರದ ಒಂದು ಹೋಟೆಲಿನಲ್ಲಿ 30 ವರ್ಷ ಅಡುಗೆ ಮಾಡಿದವರು. 57ನೇ ವಯಸ್ಸಿನಲ್ಲಿ ಸಾಂಬಾರಿಗೆ ಎರಡೆರಡು ಸಲ ಉಪ್ಪು ಹಾಕಲು ಶುರು ಮಾಡಿದರು. ಒಂದು ದಿನ ಇಡೀ ಪಾತ್ರೆ ಚೆಲ್ಲಬೇಕಾಯಿತು. ಮರುವಾರ ಧಣಿಗಳು, "ಭಟ್ರೇ, ಇನ್ನು ಮನೆಯಲ್ಲೇ ಆರಾಮ ಮಾಡಿ" ಅಂದುಬಿಟ್ಟರು. ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಯಾರದೋ ದೃಷ್ಟಿ, ಯಾವುದೋ ದೋಷ ಅಂತ ಎಂಟು ತಿಂಗಳು ಕಳೆದೇಹೋಯಿತು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಮರೆವು ಬರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ, ಮದ್ದೂ ಇದೆ. ದೊಡ್ಡಪ್ಪನದ್ದು ಆ ಥರದ್ದಲ್ಲ, ಆಲ್ಝೈಮರ್ ಅಂತ ಕೊನೆಗೆ ತಿಳಿಯಿತು.

ಅರವತ್ತಕ್ಕೆ ಅರಳು ಮರಳು ಅನ್ನುತ್ತೇವೆ ಅಲ್ವಾ, ನಮ್ಮ ದಾರಿ ತಪ್ಪಿಸಿದ್ದು ಈ ಮಾತೇ. ವಯಸ್ಸಾದರೆ ಇಷ್ಟೆಲ್ಲ ಮರೆವು ಸಹಜ, ಅದಕ್ಕೆ ಮೊದಲು ಬಂದರೆ ಏನೋ ಕಾಟ ಅಂತ ಜನ ನಂಬಿದ್ದಾರೆ. ಎರಡೂ ತಪ್ಪು. ನೆನಪು, ಯೋಚನೆ ಎಲ್ಲ ಕುಂದುತ್ತಾ ಹೋಗುವ ಡಿಮೆನ್ಶಿಯ ಮುಪ್ಪಲ್ಲ, ಮೆದುಳಿನ ಕಾಯಿಲೆ. ಆಲ್ಝೈಮರ್ ಅದರಲ್ಲಿ ಒಂದು ಬಗೆ. 65ಕ್ಕಿಂತ ಮೊದಲೂ ಬರುತ್ತದೆ, ಅಂದರೆ ಕೆಲಸದಲ್ಲಿರುವಾಗಲೇ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಡಾಕ್ಟರ್ ಆಲೋಯಿಸ್ ಆಲ್ಝೈಮರ್ (ಕಾಯಿಲೆಗೆ ಇವರದೇ ಹೆಸರು) ಮೊದಲು ನೋಡಿದ ರೋಗಿ ಆಗುಸ್ಟ ಡೇಟರ್‌ಗೆ ಬರೀ 51 ವರ್ಷ. ತನ್ನ ಹೆಸರನ್ನೇ ಪೂರ್ತಿ ಬರೆಯಲು ಆಕೆಗೆ ಆಗುತ್ತಿರಲಿಲ್ಲ. ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು ಆಲ್ಝೈಮರ್ 1906ರ ನವೆಂಬರಿನಲ್ಲಿ ಟ್ಯೂಬಿಂಗೆನ್ ಊರಿನಲ್ಲಿ ಹೇಳಿದರು. ಅದೇ 1906ರಲ್ಲಿ ಇತ್ತ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದವು. ಆ ವರ್ಷವನ್ನು ನಮ್ಮೂರಲ್ಲಿ ಬ್ಯಾಂಕಿನ ಲೆಕ್ಕದಲ್ಲೇ ನೆನಪಿಟ್ಟುಕೊಳ್ಳುವುದು. ಹಾಗಾಗಿ ನಾನೂ ಬ್ಯಾಂಕಿನ ಉದಾಹರಣೆಯನ್ನೇ ಕೊಡುತ್ತೇನೆ.

ಮೆದುಳಿನ ಒಳಗೆ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಇದೆ. ದಿನದ ವ್ಯವಹಾರವನ್ನೆಲ್ಲ ದಪ್ಪ ಲೆಡ್ಜರಿಗೆ ಏರಿಸುವ ಗುಮಾಸ್ತ ಅಂತಿಟ್ಟುಕೊಳ್ಳಿ. ಆಲ್ಝೈಮರ್ ಸಾಮಾನ್ಯವಾಗಿ ಮೊದಲು ಹಿಡಿಯುವುದು ಈ ಗುಮಾಸ್ತನನ್ನೇ. ಹಳೇ ಲೆಡ್ಜರ್ ಕಪಾಟಿನಲ್ಲಿ ಇನ್ನೂ ಇರುತ್ತದೆ, ಇವತ್ತಿನದು ಮಾತ್ರ ಅದಕ್ಕೆ ಏರುವುದಿಲ್ಲ. ಉಪ್ಪು ಹಾಕಿದ್ದು ಎಲ್ಲೂ ಬರೆಯಲ್ಪಟ್ಟಿಲ್ಲ, ಹಾಗಾಗಿ ಇನ್ನೊಮ್ಮೆ ಹಾಕಿದರು. ಆದರೆ ಕೈಯ ಕಸುಬು ಈ ಪುಸ್ತಕದಲ್ಲಿ ಇರುವುದೇ ಇಲ್ಲ! ಅದು ತೋಟದ ಕಾಲುದಾರಿ ಇದ್ದ ಹಾಗೆ, ಯಾರೂ ನಕ್ಷೆ ಬರೆದಿಲ್ಲ, ನಡೆದು ನಡೆದೇ ಆದದ್ದು. ಬೀಡಿ ಕಟ್ಟುವ ಹೆಂಗಸರನ್ನು ನೋಡಿ, ಊರ ಸುದ್ದಿಯೆಲ್ಲ ಮಾತಾಡುತ್ತಲೇ ಬೆರಳು ತನ್ನಷ್ಟಕ್ಕೆ ಎಲೆ ಸುರುಳಿ ಮಾಡುತ್ತಿರುತ್ತದೆ. ಚೆಂಡೆ ಪೆಟ್ಟು ಬಿದ್ದ ಕೂಡಲೇ ಯಕ್ಷಗಾನದವರ ಕಾಲು ಏಳುವುದೂ ಹೀಗೆಯೇ. ಈ ದಾರಿಗಳನ್ನು ನೋಡಿಕೊಳ್ಳುವುದು ಮೆದುಳಿನ ಬೇರೆ ಭಾಗಗಳು, ಅವುಗಳ ತಂಟೆಗೆ ಕಾಯಿಲೆ ಬರುವುದು ತಡವಾಗಿ.

ಇದನ್ನು ತೋರಿಸಿಕೊಟ್ಟದ್ದು ಹೆನ್ರಿ ಮೊಲೈಸನ್ ಎಂಬವರ ಕತೆ. ಅವರದ್ದು ಡಿಮೆನ್ಶಿಯ ಅಲ್ಲ. ಮೂರ್ಛೆ ರೋಗಕ್ಕೆಂದು 1953ರಲ್ಲಿ ಆಪರೇಷನ್ ಮಾಡಿ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದಿದ್ದರು. ಆಮೇಲೆ ಹೊಸತೇನೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡ ಮಿಲ್ನರ್ ಎಂಬವರು ಹೆನ್ರಿಗೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯಲು ಕೊಟ್ಟರು. ಹಿಂದಿನ ದಿನ ಎಳೆದದ್ದೇ ನೆನಪಿಲ್ಲ, ಆದರೂ ಮೂರನೇ ದಿನಕ್ಕೆ ಕೈ ಪಳಗಿತ್ತು.

ಹಾಗಾದರೆ ಒಂದು ಕೆಲಸ ಕೆಟ್ಟಿತು ಅಂತ ಸುಮ್ನೆ ಮನೆಗೆ ಕಳಿಸುವುದು ಯಾವ ನ್ಯಾಯ? ಕೆನಡಾ, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಕೆಲಸದಲ್ಲಿರುವಾಗಲೇ ಈ ಕಾಯಿಲೆ ಬಂದವರನ್ನು ಮಾತಾಡಿಸಿ ಸಂಶೋಧನೆ ಮಾಡಿದ್ದಾರೆ. ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದು: ಕಾಯಿಲೆ ಅಂತ ಗೊತ್ತಾಗುವ ಮೊದಲೇ 'ಈಚೆಗೆ ಕೆಲಸದಲ್ಲಿ ಗಮನ ಇಲ್ಲ' ಅನ್ನುವ ಹೆಸರು ಬಂದಿರುತ್ತದೆ, ನಾಚಿಕೆಗೆ ಅವರೇ ಬಿಟ್ಟು ಹೋಗುತ್ತಾರೆ. ಒಂದು ಸಲಕ್ಕೆ ಒಂದೇ ಕೆಲಸ, ಗಲಾಟೆ ಇಲ್ಲದ ಜಾಗ, ಕಣ್ಣೆದುರು ಬರೆದಿಟ್ಟ ಚೀಟಿ, ಕೇಳಲು ಗೊತ್ತಿರುವ ಒಬ್ಬರು, ಇಷ್ಟಿದ್ದರೆ ಕೆಲವರಿಗಾದರೂ ಇನ್ನಷ್ಟು ಕಾಲ ದುಡಿಯಲು ಆಗುತ್ತದೆ. ಎಲ್ಲರಿಗೂ ಅಲ್ಲ, ಯಾವಾಗಲೂ ಅಲ್ಲ. ಕೆಲವು ಬಗೆಯ ಡಿಮೆನ್ಶಿಯದಲ್ಲಿ ಮೊದಲು ಕೆಡುವುದು ನೆನಪಲ್ಲ, ನಡವಳಿಕೆ. ಅಲ್ಲಿ ಬೇಕಾದ ಬದಲಾವಣೆಯೂ ಬೇರೆ.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸರ್ಕಾರಿ ನೌಕರರಿಗೆ ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂದರೆ ತೆಗೆದುಹಾಕುವಂತಿಲ್ಲ, ಹಳೇ ಕೆಲಸ ಆಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು ಅನ್ನುತ್ತದೆ. ಹೋಟೆಲಿನ ಭಟ್ಟರಿಗೆ ಈ ಮಾತು ಅನ್ವಯಿಸುವುದಿಲ್ಲ, ನನಗೆ ಜಾಸ್ತಿ ಬೇಜಾರು ಅದೇ. ಅವರ ಹಿಂದೆಯೇ ದೊಡ್ಡಮ್ಮನೂ ಟೈಲರ್ ಅಂಗಡಿಯ ಕೆಲಸ ಬಿಟ್ಟರು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಒಂದು ಕಾಯಿಲೆಗೆ ಎರಡು ಸಂಬಳ ಹೋಯಿತು.

ಈಗ ಅಣ್ಣ ಮಲ್ಪೆಯಲ್ಲಿ ಸಣ್ಣ ಕ್ಯಾಂಟೀನ್ ಇಟ್ಟಿದ್ದಾನೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕಾವಲಿ ಮುಂದೆ ದೊಡ್ಡಪ್ಪ. ಗ್ಯಾಸ್ ಹಚ್ಚುವುದು, ಆರಿಸುವುದು, ಹಿಟ್ಟಿಗೆ ಉಪ್ಪು, ಗಲ್ಲಾ, ಎಲ್ಲ ಬೇರೆಯವರದ್ದು, ಪಕ್ಕದಲ್ಲಿ ಯಾವಾಗಲೂ ಒಬ್ಬ ಹುಡುಗ ಇರುತ್ತಾನೆ. ಆರ್ಡರ್ ಚೀಟಿ ಒಂದಾದ ಮೇಲೆ ಒಂದು, ಎರಡು ಒಟ್ಟಿಗೆ ಇಡುವುದಿಲ್ಲ. ಮೊನ್ನೆ ಆದಿತ್ಯವಾರ ಹೋಗಿದ್ದೆ. "ನೀನು ಯಾರ ಮಗ ಮಾರಾಯ?" ಅಂತ ಎರಡು ಸಲ ಕೇಳಿದರು. ನಾನು ಹೇಳುತ್ತಿರುವಾಗಲೇ ನೀರು ಚಿಮುಕಿಸಿ, ಸದ್ದು ಕೇಳಿ, ಸೌಟು ತಿರುಗಿಸಿದರು. ದೋಸೆ ಅಂಚಿನವರೆಗೂ ಒಂದೇ ತೆಳ್ಳಗೆ ಹರಡಿತು.