ಕಡಿಮೆ ಓಡಿದ ಡೀಸೆಲ್ ಕಾರಿನ ಗಂಟೆ ಲೆಕ್ಕ

"ಸಾರ್, ಹನ್ನೊಂದು ವರ್ಷದ ಗಾಡಿ, ಬರೀ 38 ಸಾವಿರ ಓಡಿದೆ. ಹೊಸದರ ಥರಾನೇ ಇದೆ." ಫೋನಿನಲ್ಲಿ ಈ ಮಾತು ಕೇಳಿದರೆ ನನಗೆ ಮೊದಲು ಆಗುವುದು ಆತಂಕ. ಪೆಟ್ರೋಲ್ ಕಾರಾಗಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ. ಡೀಸೆಲ್ ಆದರೆ, ಆ 38 ಸಾವಿರ ಎಲ್ಲಿ ಓಡಿತು, ಹೇಗೆ ಓಡಿತು ಅಂತ ತಿಳಿಯುವವರೆಗೂ ನನ್ನ ಬಾಯಲ್ಲಿ "ತಗೊಳ್ಳಿ" ಅನ್ನುವ ಮಾತು ಬರುವುದಿಲ್ಲ.

ಕೊಳ್ಳುವ ಮುಂಚೆ ಗಾಡಿ ನೋಡಿ ಹೇಳುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರದ್ದು ಮಧ್ಯಮ ಬಜೆಟ್. ಸಾಧಾರಣ ಹೊಸ ಕಾರಿಗೆ ಆಗುವ ದುಡ್ಡಿನಲ್ಲಿ ಹಳೇ ಬಿಎಂಡಬ್ಲ್ಯುನೋ ಆಡಿನೋ ಮರ್ಸಿಡಿಸ್ಸೋ ಸಿಗುತ್ತಲ್ಲ ಅಂತ ಆಸೆ. ಆ ಆಸೆಯಲ್ಲಿ ತಪ್ಪೇನಿಲ್ಲ. ನನಗೂ ಆ ಗಾಡಿಗಳೆಂದರೆ ಪ್ರೀತಿ. ಆದರೆ ಮೀಟರ್ ಕಡಿಮೆ ತೋರಿಸಿದ ಕೂಡಲೇ ಎಲ್ಲರೂ ಮನಸೋಲುತ್ತಾರೆ. ಬೇಡ ಅಂದರೂ ಕೇಳುವುದಿಲ್ಲ.

ಹೋದ ವರ್ಷ ಒಂದೇ ವಾರದಲ್ಲಿ ಎರಡು ಕಾರು ಬಂದವು. ಒಂದೇ ಮಾಡೆಲ್, ಒಂದೇ ವರ್ಷದ್ದು, ಇಂಜಿನ್ನೂ ಅದೇ. ಒಂದು 38 ಸಾವಿರ ಓಡಿತ್ತು, ಇನ್ನೊಂದು 1 ಲಕ್ಷ 64 ಸಾವಿರ. ಮೊದಲನೆಯದರ ಬೆಲೆ ಸಹಜವಾಗಿಯೇ ಜಾಸ್ತಿ. ಅದರ ಸೀಟಿನಲ್ಲಿ ಒಂದು ಸುಕ್ಕಿರಲಿಲ್ಲ. ಎರಡನೆಯದರ ಬಾನೆಟ್ ತುಂಬ ಕಲ್ಲು ಸಿಡಿದ ಚುಕ್ಕೆಗಳು, ಡ್ರೈವರ್ ಸೀಟಿನ ಅಂಚು ಸವೆದು ಹೋಗಿತ್ತು.

ಎರಡಕ್ಕೂ ಸ್ಕ್ಯಾನರ್ ಹಾಕಿದೆ. ಇಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅನ್ನುವ ಲೆಕ್ಕ ಬಹಳಷ್ಟು ಗಾಡಿಗಳ ಕಂಪ್ಯೂಟರಿನಲ್ಲಿ ಇರುತ್ತದೆ. ಎಲ್ಲದರಲ್ಲೂ ಸಿಗುತ್ತದೆ ಅಂತಲ್ಲ. ಮೊದಲ ಕಾರು ಸುಮಾರು 2,100 ಗಂಟೆ ಓಡಿತ್ತು. ಎರಡನೆಯದು ಸುಮಾರು 2,700 ಗಂಟೆ. ಭಾಗಿಸಿ ನೋಡಿ. ಮೊದಲನೆಯದರ ಸರಾಸರಿ ವೇಗ ಗಂಟೆಗೆ 18 ಕಿ.ಮೀ., ಎರಡನೆಯದರದ್ದು 60. ಮೀಟರಿನಲ್ಲಿ ನಾಲ್ಕು ಪಟ್ಟು ಅಂತರ ಇತ್ತು. ಗಂಟೆಯ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರವೇ ದುಡಿದಿದ್ದವು.

ಮೊದಲ ಕಾರಿನ ಒಡತಿಯನ್ನೇ ಕೇಳಿದೆ. ಮಕ್ಕಳ ಶಾಲೆ ಮೂರು ಕಿ.ಮೀ. ದೂರ. ಬಿಟ್ಟು ಬರುವುದು, ಮತ್ತೆ ಹೋಗಿ ಕರೆದುಕೊಂಡು ಬರುವುದು. ಒಂದು ಸಲಕ್ಕೆ ಹತ್ತು ನಿಮಿಷ. 38 ಸಾವಿರವನ್ನು ಮೂರರಿಂದ ಭಾಗಿಸಿದರೆ ಹನ್ನೆರಡು ಸಾವಿರಕ್ಕೂ ಜಾಸ್ತಿ ಸಲ ಸ್ಟಾರ್ಟ್ ಆದ ಹಾಗೆ. ಆಕೆ ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡಿದ್ದರು. ಒಂದು ಗೀರು ಬಿದ್ದಿರಲಿಲ್ಲ. ಆದರೆ ಡೀಸೆಲ್ ಇಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ. ಹತ್ತು ನಿಮಿಷದಲ್ಲಿ ಅದರ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ಹನ್ನೊಂದು ವರ್ಷ ಆ ಇಂಜಿನ್ ಹೆಚ್ಚಿನ ದಿನ ಅರೆಬಿಸಿಯಲ್ಲೇ ಕಳೆದಿತ್ತು.

ಇಲ್ಲಿ ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ವಿಷಯ ಬರುತ್ತದೆ. ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ, ಇದೊಂದು ಅರ್ಥವಾದರೆ ಸಾಕು. ಯುರೋಪಿನ ಯೂರೋ 4 ನಿಯಮದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಕಣ ಬಿಡಬಹುದಿತ್ತು. 2009ರಲ್ಲಿ ಯೂರೋ 5 ಬಂದಾಗ ಅದು 5 ಮಿಲಿಗ್ರಾಂಗೆ ಇಳಿಯಿತು. ಫಿಲ್ಟರ್ ಇಲ್ಲದೆ ಅದು ಆಗುವ ಮಾತಲ್ಲ. ಹಾಗಾಗಿ ಸೈಲೆನ್ಸರ್ ಸಾಲಿನಲ್ಲಿ ಜೇನುಗೂಡಿನಂಥ ಒಂದು ಫಿಲ್ಟರ್ ಬಂತು. ಹೊಗೆಯ ಮಸಿ ಅದರಲ್ಲಿ ಕೂರುತ್ತದೆ. ತುಂಬುತ್ತಾ ಬಂದಾಗ ಕಂಪ್ಯೂಟರ್ ಸ್ವಲ್ಪ ಡೀಸೆಲ್ ಜಾಸ್ತಿ ಬಿಟ್ಟು, ಹೊಗೆಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ಹೈವೇ ವೇಗದಲ್ಲಿ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷ ಓಡಬೇಕು.

ಹತ್ತೇ ನಿಮಿಷಕ್ಕೆ ಕೀ ತೆಗೆದರೆ ಏನಾಗುತ್ತದೆ? ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮರುದಿನ ಮತ್ತೆ ಶುರು, ಮತ್ತೆ ಅರ್ಧ. ಬಹಳಷ್ಟು ಇಂಜಿನ್‌ಗಳಲ್ಲಿ ಆ ಜಾಸ್ತಿ ಡೀಸೆಲ್ ಬರುವುದು ಸಿಲಿಂಡರಿನೊಳಗೇ. ಉರಿಯದೆ ಉಳಿದದ್ದು ಗೋಡೆಗುಂಟ ಇಳಿದು ಇಂಜಿನ್ ಆಯಿಲ್ ಸೇರುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವುದು ಇದೇ ಆಯಿಲ್ಲಿನ ಪದರದ ಮೇಲೆ ಅಲ್ವಾ?

ಆ 38 ಸಾವಿರದ ಕಾರಿನ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳಿನಷ್ಟು ಮೇಲಿತ್ತು. ಕಾರು ನೋಡಲು ಬಂದಿದ್ದ ಹುಡುಗ ಖುಷಿಯಿಂದ "ಆಯಿಲ್ ಫುಲ್ ಇದೆ ಸಾರ್" ಅಂದ. ಕಡ್ಡಿಯನ್ನು ಅವನ ಮೂಗಿನ ಹತ್ತಿರ ಹಿಡಿದೆ. ಘಂ ಅಂತ ಡೀಸೆಲ್ ವಾಸನೆ. ಬೇಡ ಅಂತ ಹೇಳಿದೆ. ಮನೆಯವರಿಗೆಲ್ಲ ಗಾಡಿ ಇಷ್ಟವಾಗಿತ್ತು, ತಗೊಂಡ. ಏಳು ವಾರಕ್ಕೆ ಗಾಡಿ ಲಿಂಪ್ ಮೋಡಿಗೆ, ಅಂದರೆ ಇಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುವ ಸ್ಥಿತಿಗೆ ಬಿದ್ದು, ಟೋ ಮಾಡಿಸಿಕೊಂಡು ಬಂದ. ಡಿಪಿಎಫ್ ಬಿಚ್ಚಬೇಕಾಯಿತು. ಇಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ತೆಗೆದರೆ ಒಳಗೆಲ್ಲ ಟಾರಿನಂಥ ಮಸಿ, ಕಿರುಬೆರಳು ಹೋಗುವಷ್ಟು ಜಾಗ ಉಳಿದಿತ್ತು. ಅವನಿಗೆ ನಾನು ಬೈಯಲಿಲ್ಲ. ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದ.

1 ಲಕ್ಷ 64 ಸಾವಿರದ ಕಾರನ್ನು ಅದೇ ವಾರ ಇನ್ನೊಬ್ಬರು ಹಿಂಜರಿಯುತ್ತಲೇ ಕೊಂಡರು. ಅದರ ಫೈಲಿನಲ್ಲಿ ಹನ್ನೊಂದು ವರ್ಷದ ಬಿಲ್ಲುಗಳಿದ್ದವು. ಪ್ರತಿ ಸಲವೂ ಬೂದಿ ಕಡಿಮೆ ಬಿಡುವ, ಕಂಪನಿ ಹೇಳಿದ ಗ್ರೇಡಿನ ಆಯಿಲ್. ಇದು ಸಣ್ಣ ಮಾತಲ್ಲ. ಮಸಿ ಸುಡುತ್ತದೆ, ಆಯಿಲ್ಲಿನಿಂದ ಬರುವ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲೇ ಉಳಿಯುತ್ತದೆ. ಕೊನೆಯ ಸಲ ಮಸಿ ಸುಟ್ಟು ಎಷ್ಟು ದೂರ ಓಡಿದೆ ಅಂತಲೂ ಸ್ಕ್ಯಾನರ್ ತೋರಿಸಿತು: 400 ಕಿ.ಮೀ.ಗೂ ಜಾಸ್ತಿ. ಇನ್ನೊಂದು ಕಾರು 60-70 ಕಿ.ಮೀ.ಗೊಮ್ಮೆ ಸುಡಲು ಒದ್ದಾಡುತ್ತಿತ್ತು.

ಹಾಗಂತ ಜಾಸ್ತಿ ಓಡಿದ ಗಾಡಿಯೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಬಿಲ್ಲಿಲ್ಲದ, ಎರಡು ಲಕ್ಷ ಕಿ.ಮೀ. ಓಡಿದ ಗಾಡಿಗೆ ನಾನೂ ಕೈ ಹಾಕುವುದಿಲ್ಲ. ಕಡಿಮೆ ಓಡಿದ್ದರೂ ವಾರಕ್ಕೊಮ್ಮೆ ದೂರದ ಊರಿಗೆ ಹೋಗಿ ಬಂದ ಗಾಡಿ ಚೆನ್ನಾಗಿಯೇ ಇರಬಹುದು. ಸ್ಕ್ಯಾನರಿನ ಅಂಕಿಯೊಂದನ್ನೇ ನಂಬಿ ತೀರ್ಮಾನ ಮಾಡುವುದೂ ಸರಿಯಲ್ಲ.

"ಡಿಪಿಎಫ್ ತೆಗೆಸಿದ್ದೀವಿ ಸಾರ್, ಇನ್ನು ತಲೆನೋವಿಲ್ಲ, ಪಿಕಪ್ಪೂ ಜಾಸ್ತಿ" ಅನ್ನುವ ಮಾರಾಟಗಾರರೂ ಸಿಗುತ್ತಾರೆ. ಅಲ್ಲಿಂದ ಎದ್ದು ಬನ್ನಿ. ಬಹಳಷ್ಟು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಆ ಹೊಗೆ ಕುಡಿಯುವವರು ಹಿಂದಿನ ಗಾಡಿಯವರು, ರಸ್ತೆಯಲ್ಲಿ ನಡೆಯುವ ಮಕ್ಕಳು. ಕೆಲವರು ತೆಗೆಸಿದ್ದನ್ನು ಹೇಳುವುದೇ ಇಲ್ಲ. ಸೈಲೆನ್ಸರ್ ತಣ್ಣಗಿರುವಾಗ ಪೈಪಿನ ಒಳಗೆ ಬೆರಳು ಒರೆಸಿ ನೋಡಿ. ಫಿಲ್ಟರ್ ಸರಿಯಿದ್ದರೆ ಒಳಗೆ ಹೆಚ್ಚುಕಡಿಮೆ ಚೊಕ್ಕಟವಾಗಿರುತ್ತದೆ. ಬೆರಳು ಕಾಡಿಗೆಯಾಯಿತೋ, ಫಿಲ್ಟರ್ ಒಡೆದಿರಬೇಕು ಇಲ್ಲ ತೆಗೆದಿರಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಚಾಸಿ ನಂಬರ್ ಕೊಟ್ಟು ಕಂಪನಿಯ ರೀಕಾಲ್ ಕೆಲಸ ಬಾಕಿ ಇದೆಯಾ ಕೇಳಿ. 2018ರಲ್ಲಿ ಬಿಎಂಡಬ್ಲ್ಯು ಬೆಂಕಿಯ ಅಪಾಯವಿದೆ ಅಂತ ಇಜಿಆರ್ ಕೂಲರ್ (ಇಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಣ್ಣಗಾಗಿಸುವ ಭಾಗ) ಪರೀಕ್ಷಿಸಿ, ಬೇಕಿದ್ದರೆ ಬದಲಿಸಲು ಲಕ್ಷಾಂತರ ಡೀಸೆಲ್ ಕಾರುಗಳನ್ನು ವಾಪಸ್ ಕರೆಸಿತ್ತು. ಅದೇ ಕಂಪನಿ 2007ರಲ್ಲಿ ತಂದ ಎನ್47 ಡೀಸೆಲ್ ಇಂಜಿನ್ನಿನಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವ ಹಾಗೆ ಮಾಡುವ ಸರಪಳಿ) ಹಿಂದೆ, ಗೇರ್‌ಬಾಕ್ಸ್ ಕಡೆಗಿದೆ. ಹಿಂದಿನಿಂದ ಸರಪಳಿ ಉಜ್ಜಿದ ಸದ್ದು ಬಂದರೆ ಮುಂದೆ ದೊಡ್ಡ ಕೆಲಸವೇ ಕಾದಿದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಜೀವಮಾನವಿಡೀ ಬದಲಿಸಬೇಕಿಲ್ಲ ಅನ್ನುವ ಮಾತು ನಂಬಬೇಡಿ. ಅಂಥ ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಒಳಗೆ ಬದಲಿಸಿ ಅನ್ನುತ್ತದೆ. ಬಜೆಟ್ ಪೂರ್ತಿ ಕಾರಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನಾದರೂ ರಿಪೇರಿಗೆ ಎತ್ತಿಡಿ. ಹಳೇ ಕಾರಿನ ಬೆಲೆ ಇಳಿದಿರುತ್ತದೆ, ಅದರ ಪಾರ್ಟ್ಸ್ ಬೆಲೆ ಇಳಿದಿರುವುದಿಲ್ಲ.

ಇನ್ನು ನಿಮ್ಮ ಓಡಾಟದ ಲೆಕ್ಕ. ದಿನಕ್ಕೆ ನಾಲ್ಕು ಕಿ.ಮೀ. ಆಫೀಸು, ವರ್ಷಕ್ಕೊಂದು ಪ್ರವಾಸ ಅಂತಾದರೆ ಎಷ್ಟೇ ಒಳ್ಳೆಯ ಡೀಸೆಲ್ ತಂದರೂ ಅದನ್ನು ಆ ಶಾಲೆಯ ಕಾರಿನ ಸ್ಥಿತಿಗೇ ತರುತ್ತೀರಿ. ದಯವಿಟ್ಟು ಪೆಟ್ರೋಲ್ ನೋಡಿ. ಈ ಮಾತು ಹೇಳಿದಾಗ ಜನರ ಮುಖ ಬಾಡುತ್ತದೆ. ಆದರೂ ಹೇಳುತ್ತೇನೆ.

ಗಾಡಿ ನೋಡಲು ಹೋಗುವ ಮುಂಚೆ ಮಾರುವವರಿಗೆ ಫೋನ್ ಮಾಡಿ, "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ತಕ್ಷಣ ಪೇಂಟ್ ನೋಡುವ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿರುವ ಇಂಜಿನ್ ಮಾತ್ರ ತನ್ನ ಸ್ಟಾರ್ಟಿಂಗ್ ತೊಂದರೆ, ಚೈನ್ ಸದ್ದು, ಮೊದಲ ಹೊಗೆ ಎಲ್ಲವನ್ನೂ ತೋರಿಸುತ್ತದೆ. ಬಿಸಿಲಿಲ್ಲದೆಯೂ ಬಾನೆಟ್ ಬೆಚ್ಚಗಿದ್ದರೆ ಜಗಳ ಬೇಡ. "ನಾಳೆ ಬೆಳಗ್ಗೆ ಬರ್ತೀನಿ, ಸ್ಟಾರ್ಟ್ ಮಾಡದೆ ಇಟ್ಟಿರಿ" ಅಂತ ಹೇಳಿ ಹೊರಡಿ.