ಶುಗರ್ ಇಳಿಯಿತು, ಕಾಲು ಊದಿತು

ಶುಗರ್ ಜೊತೆ ಹಾರ್ಟ್ ಫೇಲ್ಯೂರ್ ಕೂಡ ಇರುವವರ ಮನೆಯಲ್ಲಿ ಈ ಗೊಂದಲ ಮಾಮೂಲಿ. ಒಬ್ಬ ಡಾಕ್ಟರು ಬರೆದ ಮಾತ್ರೆಯನ್ನು ಇನ್ನೊಬ್ಬರು ನಿಲ್ಲಿಸುತ್ತಾರೆ. ನೋಡಲು ಬಂದ ನೆಂಟರು "ಇದು ಬ್ಯಾನ್ ಆಗಿತ್ತು ಅಲ್ವಾ?" ಅನ್ನುತ್ತಾರೆ.

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುವುದಲ್ಲ. ರಕ್ತ ದೂಡುವ ಕೆಲಸದಲ್ಲಿ ಅದು ಸೋಲುತ್ತದೆ, ಆಗ ಕಾಲಿನಲ್ಲಿ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ, ಮಲಗಿದರೆ ದಮ್ಮು ಕಟ್ಟುತ್ತದೆ. ಇದಕ್ಕೂ ಶುಗರಿಗೂ ನಂಟಿದೆ ಅಂತ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1974ರಲ್ಲೇ ಹೇಳಿತ್ತು. ಶುಗರ್ ಇರುವ ಗಂಡಸರಿಗೆ ಅಪಾಯ ಎರಡು ಪಟ್ಟು, ಹೆಂಗಸರಿಗೆ ಐದು ಪಟ್ಟು. ಆದರೂ ಮುಂದಿನ ಇಪ್ಪತ್ತೈದು ವರ್ಷ ಎಲ್ಲರ ಕಣ್ಣು ಶುಗರ್ ರಿಪೋರ್ಟಿನ ಅಂಕಿಯ ಮೇಲೇ ಇತ್ತು.

1999ರಲ್ಲಿ ರೋಸಿಗ್ಲಿಟಜೋನ್, ಪಯೋಗ್ಲಿಟಜೋನ್ ಅನ್ನುವ ಶುಗರ್ ಮಾತ್ರೆಗಳು ಬಂದವು. ಶುಗರ್ ಚೆನ್ನಾಗಿಯೇ ಇಳಿಯಿತು. ಆದರೆ ಇವು ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ, ಸೋತ ಹೃದಯಕ್ಕೆ ಬೇಡವಾದದ್ದೇ ಅದು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡಕ್ಕೂ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಅದರ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ನಮ್ಮಲ್ಲಿ ಮೊದಲನೆಯದು 2010ರಲ್ಲಿ ಬ್ಯಾನ್ ಆಯಿತು. ಎರಡನೆಯದನ್ನು 2013ರ ಜೂನ್‌ನಲ್ಲಿ ನಿಲ್ಲಿಸಿ, ಮುಂದಿನ ತಿಂಗಳೇ ಎಚ್ಚರಿಕೆಯ ಸಾಲು ಸೇರಿಸಿ ವಾಪಸ್ ಬಿಟ್ಟರು. ನೆಂಟರ ನೆನಪು ಪೂರ್ತಿ ಸುಳ್ಳಲ್ಲ.

ಹೊಸ ಶುಗರ್ ಮಾತ್ರೆಯಿಂದ ಹೃದಯಕ್ಕೆ ಕೆಡುಕಿಲ್ಲ ಅಂತ ಸಾಬೀತು ಮಾಡಬೇಕು ಅಂತ 2008ರಲ್ಲಿ ಎಫ್‌ಡಿಎ ನಿಯಮ ತಂದಿತು. ಹಾಗೆ ಪರೀಕ್ಷೆಗೆ ಕೂತ ಸ್ಯಾಕ್ಸಾಗ್ಲಿಪ್ಟಿನ್ 2013ರಲ್ಲಿ ಹಾರ್ಟ್ ಅಟ್ಯಾಕ್ ಹೆಚ್ಚಿಸಲಿಲ್ಲ, ಆದರೆ ಹಾರ್ಟ್ ಫೇಲ್ಯೂರ್ ಆಗಿ ಅಡ್ಮಿಟ್ ಆಗುವವರು ಮಾತ್ರ ಶೇ. 27ರಷ್ಟು ಜಾಸ್ತಿಯಾದರು. 2015ರಲ್ಲಿ ಎಂಪಾಗ್ಲಿಫ್ಲೋಜಿನ್ ಎಲ್ಲ ತಲೆಕೆಳಗು ಮಾಡಿತು: ಅಡ್ಮಿಟ್ ಆಗುವುದು ಶೇ. 35 ಕಡಿಮೆ. ತಮಾಷೆ ನೋಡಿ, ಮೂತ್ರಕ್ಕೆ ಇರುವೆ ಮುತ್ತಿದರೆ ಶುಗರ್ ಬಂತು ಅಂತ ಹಿರಿಯರು ಹೇಳುತ್ತಿದ್ದರು, ಈ ಮಾತ್ರೆ ಮಾಡುವುದೂ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಕೆಲಸವನ್ನೇ. ಜೊತೆಗೆ ಉಪ್ಪು, ನೀರೂ ಹೋಗುತ್ತವೆ. 2019ರಲ್ಲಿ ಇದೇ ಜಾತಿಯ ಡಾಪಾಗ್ಲಿಫ್ಲೋಜಿನ್ ಶುಗರ್ ಇಲ್ಲದ ಹಾರ್ಟ್ ಫೇಲ್ಯೂರ್ ರೋಗಿಗಳಿಗೂ ಅಷ್ಟೇ ಉಪಯೋಗಕ್ಕೆ ಬಂತು. "ನನಗೆ ಶುಗರ್ ಇಲ್ಲವಲ್ಲ, ಇದ್ಯಾಕೆ?" ಅಂತ ಮೆಡಿಕಲ್ ಶಾಪಿನಲ್ಲಿ ಜಗಳ ಶುರುವಾದದ್ದು ಆಮೇಲೆ.

ನಮ್ಮ ಕಡೆಯ ಚಿತ್ರ ಬೇಕಾದರೆ ತಿರುವನಂತಪುರದ ರಿಜಿಸ್ಟ್ರಿ, ಅಂದರೆ ರೋಗಿಗಳ ದಾಖಲೆ ಪಟ್ಟಿ ಇದೆ. 2013ರಲ್ಲಿ 18 ಆಸ್ಪತ್ರೆಗಳಿಗೆ ಹಾರ್ಟ್ ಫೇಲ್ಯೂರ್ ಅಂತ ಬಂದ 1,205 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಶುಗರ್ ಇತ್ತು, ಸರಾಸರಿ ವಯಸ್ಸು ಬರೀ 61. ಶೇ. 8.5ರಷ್ಟು ಜನ ಆಸ್ಪತ್ರೆಯಲ್ಲೇ ತೀರಿಕೊಂಡರು. ಮೂರು ವರ್ಷದೊಳಗೆ ಸುಮಾರು ಶೇ. 45. ಇಲ್ಲಿ ಔಷಧ ಕಂಡುಹಿಡಿಯುವುದು ಸಮಸ್ಯೆಯಾಗಿರಲಿಲ್ಲ. ಹೃದಯದ ಪಂಪ್ ದುರ್ಬಲವಾಗಿದ್ದವರಲ್ಲಿ, ಆಗಲೇ ಗೊತ್ತಿದ್ದ ಹಳೆಯ ಹಾರ್ಟ್ ಮಾತ್ರೆಗಳನ್ನು ಸರಿಯಾಗಿ ಬರೆಸಿಕೊಂಡು ಮನೆಗೆ ಹೋದವರು ನಾಲ್ಕರಲ್ಲಿ ಒಬ್ಬರು.

ಈಗ ರೇಟಿನ ನೆಪವೂ ಇಲ್ಲ. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಮೇಲೆ, ಒಂದು ಮಾತ್ರೆಗೆ 60 ರೂಪಾಯಿ ಆಸುಪಾಸಿನಲ್ಲಿದ್ದ ಎಂಪಾಗ್ಲಿಫ್ಲೋಜಿನ್ ಕೆಲವು ಕಂಪನಿಗಳಲ್ಲಿ 10 ರೂಪಾಯಿಗಿಂತ ಕಡಿಮೆಗೆ ಸಿಗುತ್ತಿದೆ. ಆದರೆ ವಾರ್ಡಿನಲ್ಲಿ ದಿನಕ್ಕೆ ಮೂರು ಸಲ ಬೆರಳು ಚುಚ್ಚಿ ಶುಗರ್ ನೋಡುವವರು, ನೀರು ತುಂಬುತ್ತಿದೆಯಾ ಅಂತ ತಿಳಿಸುವ ತೂಕವನ್ನು ಎಷ್ಟು ಸಲ ಬರೆದುಕೊಳ್ಳುತ್ತಾರೆ? ಮುಂದಿನ ಸಲ ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ತೂಕದ ಕಾಲಂ ನೋಡಿ, ಬಹಳ ಸಲ ಖಾಲಿ ಇರುತ್ತದೆ.